ಬಿರುಕು ಮುಚ್ಚಿ ಮನೆ ಮಾರಿದರೆ ಏನು ಮಾಡಬಹುದು? ವಕೀಲರನ್ನು ಕೇಳಿ

ಸದಸ್ಯೆ: ನಮಸ್ತೆ ಸರ್. ಐದು ತಿಂಗಳ ಹಿಂದೆ ಹಳೇ ಮನೆ ಕೊಂಡು ರಿಜಿಸ್ಟರ್ ಮಾಡಿಸಿಕೊಂಡೆವು. ನೋಡಲು ಹೋದಾಗ ಹಿಂದಿನ ರೂಮಿನ ಗೋಡೆಗೆ ಹೊಸ ಪ್ಲಾಸ್ಟರ್, ಹೊಸ ಬಣ್ಣ, ಅದಕ್ಕೆ ಒತ್ತಿ ದೊಡ್ಡ ಬೀರು ಇತ್ತು. ಮಳೆ ಶುರುವಾದ ಮೇಲೆ ನೆಲದಿಂದ ಲಿಂಟಲ್‌ವರೆಗೆ ಓರೆ ಬಿರುಕು ಬಿಟ್ಟಿದೆ. ಪಾಯ ಕುಸಿಯುತ್ತಿದೆ ಅಂತ ಹೋದ ವರ್ಷವೇ ಒಬ್ಬ ಇಂಜಿನಿಯರ್ ಮಾಲೀಕರಿಗೆ ಹೇಳಿದ್ದರಂತೆ, ಪಕ್ಕದ ಮನೆಯವರು ಈಗ ಬಾಯಿ ಬಿಟ್ಟಿದ್ದಾರೆ. ಮಾಲೀಕರು ಫೋನ್ ಎತ್ತುತ್ತಿಲ್ಲ. ನಾಳೆ ಮೇಸ್ತ್ರಿ ಬರ್ತಾರೆ, ಮುಚ್ಚಿಸಿಬಿಡಲಾ?

ವಕೀಲರು: ಬೇಡಮ್ಮಾ. ಮೇಸ್ತ್ರಿಗೆ ಈಗಲೇ ಫೋನ್ ಮಾಡಿ ನಿಲ್ಲಿಸಿ. ಆ ಗೋಡೆಯೇ ನಿಮ್ಮ ಸಾಕ್ಷಿ. ಆಸರೆ ಕೊಡಿಸಿ, ಆ ರೂಮಿನಲ್ಲಿ ಯಾರೂ ಮಲಗಬೇಡಿ. ಸ್ಟ್ರಕ್ಚರಲ್ ಇಂಜಿನಿಯರ್ ಕರೆಸಿ, ಪ್ಲಾಸ್ಟರ್ ಕೆಳಗೆ ಹಳೇ ಬಿರುಕು ತುಂಬಿದ ಗುರುತಿದೆಯೇ ಎಂದು ಲಿಖಿತ ವರದಿ ತೆಗೆದುಕೊಳ್ಳಿ.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ನಿಮ್ಮ ಕಡೆ ಇದೆ. ಮಾರುವವರಿಗೆ ಗೊತ್ತಿದ್ದು, ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ನೋಡಿದರೂ ಸಿಗದ ದೊಡ್ಡ ದೋಷವನ್ನು ಹೇಳಲೇಬೇಕು. ಹೇಳದಿದ್ದರೆ ಅದು ವಂಚನೆ. ನನಗೆ ಚಿಂತೆ ಇರುವುದು ಅವರಿಗೆ ಗೊತ್ತಿತ್ತೆಂದು ಸಾಬೀತು ಮಾಡುವುದರಲ್ಲಿ. ಪಕ್ಕದವರು ಕೋರ್ಟಿಗೆ ಬಂದು ಹೇಳುತ್ತಾರಾ? ಆ ಇಂಜಿನಿಯರ್ ಸಿಗುತ್ತಾರಾ? ಕೇಳಿದ ಮಾತು ಅಲ್ಲಿ ನಿಲ್ಲುವುದಿಲ್ಲ. ಮಾಲೀಕರ ಹಳೇ ವಾಟ್ಸಾಪ್ ಮೆಸೇಜು ಒಂದೂ ಅಳಿಸಬೇಡಿ.

ಮೊದಲು ಲೀಗಲ್ ನೋಟಿಸ್. ಬಗ್ಗದಿದ್ದರೆ ಸಿವಿಲ್ ದಾವೆ: ಕ್ರಯಪತ್ರ ರದ್ದು ಮಾಡಿಸಿ ಹಣ ವಾಪಸ್ ಕೇಳಬಹುದು, ಇಲ್ಲವೇ ಮನೆ ಇಟ್ಟುಕೊಂಡು ನಷ್ಟಪರಿಹಾರ ಕೇಳಬಹುದು. ರದ್ದತಿಗೆ ವಿಷಯ ತಿಳಿದ ದಿನದಿಂದ 3 ವರ್ಷ ಕಾಲಮಿತಿ. ಆದರೆ ತಿಳಿದ ಮೇಲೂ ಸುಮ್ಮನೆ ಕೂತರೆ ಒಪ್ಪಿಕೊಂಡಿರಿ ಎಂದು ಅವರ ವಕೀಲರು ವಾದಿಸುತ್ತಾರೆ. ಈ ತಿಂಗಳೇ ನೋಟಿಸ್ ಹೋಗಲಿ.

ಸದಸ್ಯ 2: ಸರ್, ಹೊಸ ಫ್ಲ್ಯಾಟ್, ಬಾತ್‌ರೂಮ್ ಸೋರುತ್ತಿದೆ. ಬಿಲ್ಡರ್ ಕೇರ್ ಮಾಡ್ತಿಲ್ಲ.

ವಕೀಲರು: ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ 2016, ಕಲಂ 14(3). ಸ್ವಾಧೀನ ಕೊಟ್ಟ 5 ವರ್ಷದೊಳಗೆ ಲಿಖಿತವಾಗಿ ತಿಳಿಸಿ. 30 ದಿನದಲ್ಲಿ ಪುಕ್ಕಟೆ ಸರಿಮಾಡಬೇಕು. ಮಾಡದಿದ್ದರೆ ರೇರಾ ಪ್ರಾಧಿಕಾರದಲ್ಲಿ ದೂರು.

ಸದಸ್ಯ 3: ನಮ್ಮದೂ ಫ್ಲ್ಯಾಟ್, ಸೋರಿಕೆ. ಆದರೆ ಸೆಕೆಂಡ್ ಹ್ಯಾಂಡ್.

ವಕೀಲರು: ಅದೇ ಕಲಂ. ಮೊದಲು ಕೊಂಡವರಿಂದ ಕೊಂಡವರೂ ಅಲಾಟಿಯೇ (ಫ್ಲ್ಯಾಟ್ ಹಂಚಿಕೆ ಪಡೆದವರೇ). 5 ವರ್ಷ ಬಿಲ್ಡರ್ ಸ್ವಾಧೀನ ಕೊಟ್ಟಂದಿನಿಂದ, ನೀವು ಕೊಂಡಂದಿನಿಂದ ಅಲ್ಲ.

ಸದಸ್ಯ 4: ಫ್ಲ್ಯಾಟ್ ಸೋರಿದರೆ ಎಲ್ಲಿ ದೂರು ಕೊಡಬೇಕು?

ವಕೀಲರು: ಮೇಲೆ ಓದಿ.

ಸದಸ್ಯ 5: ಫಾರ್ವರ್ಡ್ ಬಂದಿದೆ: "90 ದಿನದೊಳಗೆ ಸಬ್ ರಿಜಿಸ್ಟ್ರಾರ್‌ಗೆ ಅರ್ಜಿ ಕೊಟ್ಟರೆ ರಿಜಿಸ್ಟ್ರೇಷನ್ ಕ್ಯಾನ್ಸಲ್. ಸಾಲದ ಕಂತು ನಿಲ್ಲಿಸಿ, ಬ್ಯಾಂಕೇ ಮಾಲೀಕರನ್ನು ಹಿಡಿಯುತ್ತದೆ." ಎಲ್ಲರಿಗೂ ಹಂಚಿ.

ವಕೀಲರು: ದಯವಿಟ್ಟು ಹಂಚಬೇಡಿ. ಒಬ್ಬರೇ ಅರ್ಜಿ ಕೊಟ್ಟರೆ ಕ್ರಯಪತ್ರ ರದ್ದಾಗುವುದಿಲ್ಲ. ಅದಕ್ಕೆ ಇಬ್ಬರೂ ಒಪ್ಪಬೇಕು, ಇಲ್ಲವೇ ಕೋರ್ಟ್ ಆದೇಶ ಬೇಕು. ಕಂತು ನಿಲ್ಲಿಸಿದರೆ ಬ್ಯಾಂಕ್ ಹಿಡಿಯುವುದು ನಿಮ್ಮನ್ನು, ಮನೆಯೂ ಹೋದೀತು. ಇಂಥದ್ದನ್ನು ನಂಬಿ ಜನ ಇರುವ ಹಕ್ಕನ್ನೂ ಕಳೆದುಕೊಳ್ಳುತ್ತಾರೆ.

ಸದಸ್ಯ 6 (ಬ್ರೋಕರ್): ಕಣ್ಣಾರೆ ನೋಡಿ ತಗೊಂಡಿದ್ದಲ್ವಾ? ಹೊಸ ಪ್ಲಾಸ್ಟರ್ ಕಂಡಾಗ ಕೇಳಬೇಕಿತ್ತು. ಈಗ ಮಾರಿದವರನ್ನು ದೂರಿ ಏನು ಪ್ರಯೋಜನ?

ಸದಸ್ಯ 2: ಕಮಿಷನ್ ಎಣಿಸಿಕೊಂಡವರು ಹೀಗೇ ಮಾತಾಡೋದು.

ಸದಸ್ಯ 6: ನನ್ನ ಕಮಿಷನ್ ಸುದ್ದಿ ನಿಮಗ್ಯಾಕ್ರೀ? ನೋಡದೆ ಮನೆ ತಗೊಳ್ಳೋದು, ಆಮೇಲೆ ಅಳೋದು.

ಸದಸ್ಯ 3: ಬೀರು ಎಳೆದು ನೋಡೋಕೆ ಬಿಡ್ತೀರಾ ನೀವು?

ಸದಸ್ಯ 7: ಸರ್, ಮನೆಯಲ್ಲಿ ಆತ್ಮಹತ್ಯೆ ಆಗಿದ್ದನ್ನು ಹೇಳದೆ ಮಾರಿದರೆ ಅದೂ ದೋಷವೇ?

ಸದಸ್ಯ 6: ಎಲ್ಲ ಬ್ರೋಕರ್‌ಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ವಕೀಲರು: ಜಗಳ ಬೇರೆ ಕಡೆ ಇಟ್ಟುಕೊಳ್ಳಿ. ಮಾರುವವರು ಬರೀ ಸುಮ್ಮನಿದ್ದು, ನೀವು ಸ್ವಲ್ಪ ವಿಚಾರಿಸಿದ್ದರೆ ಗೊತ್ತಾಗುತ್ತಿತ್ತು ಎಂದಾದರೆ ಕರಾರು ಕಾಯ್ದೆಯ 19ನೇ ಕಲಂ ನಿಮ್ಮ ಕೈ ಕಟ್ಟುತ್ತದೆ, ಅಷ್ಟರ ಮಟ್ಟಿಗೆ ಬ್ರೋಕರ್ ಹೇಳಿದ್ದು ಸರಿ. ಆದರೆ ಗೊತ್ತಿದ್ದೂ ಬಿರುಕು ತುಂಬಿ, ಬಣ್ಣ ಬಳಿದು, ಬೀರು ಅಡ್ಡ ಇಟ್ಟರೆ ಅದು ಬೇಕೆಂದೇ ಮರೆಮಾಚಿದ್ದು. ಆ ವಿನಾಯಿತಿ ಅಂಥವರಿಗಲ್ಲ.

ಸದಸ್ಯೆ: ಪೊಲೀಸ್ ಕಂಪ್ಲೇಂಟ್ ಕೊಟ್ಟರೆ ಹೆದರಿ ದುಡ್ಡು ಕೊಡಲ್ವಾ ಸರ್?

ವಕೀಲರು: ಹೆದರಿಸಲೆಂದೇ ಕೊಡಬೇಡಿ. ಮಾರುವಾಗಲೇ ಮೋಸದ ಉದ್ದೇಶವಿತ್ತೆಂದು ತೋರಿಸಬೇಕು, ಇಲ್ಲದಿದ್ದರೆ ಸಿವಿಲ್ ವ್ಯಾಜ್ಯವೆಂದು ಕೈಬಿಡುತ್ತಾರೆ. ಆ ಹಳೇ ಇಂಜಿನಿಯರ್ ಸಿಕ್ಕರೆ ಮಾತು ಬೇರೆ. ಮೊದಲು ಅವರನ್ನು ಹುಡುಕಿ. ಕ್ರಯಪತ್ರದಲ್ಲಿ "ಇದ್ದ ಸ್ಥಿತಿಯಲ್ಲೇ" ಎಂಬ ಷರತ್ತಿದೆಯೇ ನೋಡಿ, ಆ ಪುಟ ನನಗೆ ಕಳಿಸಿ.

ಸದಸ್ಯ 4: ರೇರಾ ಫೀಸ್ ಎಷ್ಟು?