ಪದಚರ್ಚೆ: ಚಳಿಗೆ ‘ಮೈ ಒಡೆಯುವುದು’, ‘ಪಸೆ’, ‘ಜಿಡ್ಡು’

ಎಲ್ಲರಿಗೂ ನಮಸ್ಕಾರ.

ವಿಜಯಪುರ ಜಿಲ್ಲೆಯ ಹಳ್ಳಿಗಳಲ್ಲಿ ಹಂಚಲು ಚಳಿಗಾಲದ ಚರ್ಮದ ಆರೈಕೆ ಕುರಿತು ಒಂದು ಪುಟದ ಕರಪತ್ರ ಸಿದ್ಧವಾಗುತ್ತಿದೆ. ಕನ್ನಡ ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಕರಡಿನ ಮೊದಲ ಸಾಲು ಹೀಗಿದೆ: ‘ಶುಷ್ಕ ತ್ವಚೆಯನ್ನು ತಡೆಗಟ್ಟಲು ಸ್ನಾನಾನಂತರ ತೇವಕಾರಕವನ್ನು ಲೇಪಿಸತಕ್ಕದ್ದು.’ ವೈದ್ಯರ ಲೆಕ್ಕದಲ್ಲಿ ಇದು ಸರಿ. ಆದರೆ ಹೊಲದಲ್ಲಿ ಬರಿಗಾಲಲ್ಲಿ ದುಡಿದು ಹಿಮ್ಮಡಿ ಸೀಳಿಕೊಂಡವರಿಗೆ ಇದು ತಮಗೇ ಹೇಳಿದ ಮಾತು ಅನ್ನಿಸುವುದಿಲ್ಲ. ಕೆಲವು ಪದಗಳ ಬಗ್ಗೆ ನಿಮ್ಮೆಲ್ಲರ ಅಭಿಪ್ರಾಯ ಬೇಕು. ನನ್ನ ಒಲವು ಯಾವ ಕಡೆ ಎಂಬುದನ್ನೂ ಹೇಳಿಬಿಡುತ್ತೇನೆ.

ಮೊದಲು ತೊಂದರೆಯ ಹೆಸರು. ಮನೆಮಾತಿನಲ್ಲಿ ಬರುವುದು ‘ಮೈ ಒಡೆದಿದೆ’, ‘ತುಟಿ ಸುಲಿದಿದೆ’, ‘ಥಂಡಿಗೆ ಕಾಲ ಒಡದಾವ’. ಇನ್ನೂ ಒಡೆಯದಿದ್ದರೆ ‘ಕೈಕಾಲೆಲ್ಲ ಬೆಳ್ಳಗಾಗಿವೆ’ ಅನ್ನುತ್ತಾರೆ. ಉಗುರಿನಿಂದ ಗೀರಿದರೆ ಬಿಳಿ ಗೆರೆ ಮೂಡುವ ಹಂತ ಅದು. ಆಮೇಲೆ ಹೊಟ್ಟೇಳುತ್ತದೆ, ಆಮೇಲೆ ಒಡೆಯುತ್ತದೆ, ಕೊನೆಗೆ ರಕ್ತ ಜಿನುಗುವ ಸೀಳು. ‘ಶುಷ್ಕ ತ್ವಚೆ’ ಎಂದುಬಿಟ್ಟರೆ ಈ ಹಂತಗಳೆಲ್ಲ ಅಳಿಸಿಹೋಗುತ್ತವೆ. ಬೆಳ್ಳಗಾದ ಕಾಲಿಗೆ ಮನೆಯ ಎಣ್ಣೆ ಸಾಕು. ರಕ್ತ ಬರುವ, ಕೀವಾಗುವ ಸೀಳಿಗೆ ವೈದ್ಯರೇ ಬೇಕು. ಸಕ್ಕರೆ ಕಾಯಿಲೆ ಇದ್ದವರಂತೂ ಸಣ್ಣ ಸೀಳನ್ನೂ ಕಡೆಗಣಿಸುವಂತಿಲ್ಲ. ಅವರ ಪಾದಕ್ಕೆ ಅನೇಕ ವೇಳೆ ಸ್ಪರ್ಶದ ಅರಿವು ಕಡಿಮೆ, ಬೆವರೂ ಕಡಿಮೆ. ಗಾಯ ಆಳಕ್ಕಿಳಿದರೂ ನೋವು ಗೊತ್ತಾಗುವುದಿಲ್ಲ. ಹಾಗಾಗಿ ‘ಬೆಳ್ಳಗಾಗುವುದು’, ‘ಹೊಟ್ಟೇಳುವುದು’, ‘ಒಡೆಯುವುದು’, ‘ಸೀಳು’ ಈ ನಾಲ್ಕನ್ನೂ ಬೇರೆಬೇರೆಯಾಗಿಯೇ ಬಳಸಬೇಕೆಂದು ನನ್ನ ಹಟ.

‘ಒಡೆ’ ಎಂದರೆ ಹುಣ್ಣು ಒಡೆಯುವುದು, ಬೊಕ್ಕೆ ಒಡೆಯುವುದು ಎಂಬ ಅರ್ಥವೂ ಇದೆಯಲ್ಲ ಎಂದು ತಂಡದಲ್ಲಿ ಒಬ್ಬರು ತಕರಾರು ತೆಗೆದರು. ‘ಚಳಿಗೆ ಒಡೆಯುವುದು’ ಅಂದರೆ ಗೊಂದಲ ಉಳಿಯುವುದಿಲ್ಲ. ‘ಗಾಳಿಗೆ ಒಡೆಯುವುದು’ ಎನ್ನುವವರೂ ಇದ್ದಾರೆ, ಕಾರಣದ ದೃಷ್ಟಿಯಿಂದ ಅದು ಇನ್ನೂ ಹತ್ತಿರದ ಮಾತು. ತಣ್ಣನೆಯ ಗಾಳಿ ನೀರಾವಿಯನ್ನು ಹೆಚ್ಚು ಹಿಡಿಯಲಾರದು, ಹಾಗಾಗಿ ಅದರಲ್ಲಿ ತೇವ ಕಡಿಮೆ. ಮಳೆಗಾಲ ಮುಗಿದ ಮೇಲೆ ಬಯಲುಸೀಮೆಗೆ ನೆಲದ ಕಡೆಯಿಂದ ಬೀಸುವ ಮೂಡಗಾಳಿ ಒಣಗಾಳಿಯೇ.

ಇನ್ನು ‘ತೇವಕಾರಕ’, ಅಂದರೆ ಮಾಯಿಶ್ಚರೈಸರ್. ನನಗೆ ಹೆಚ್ಚು ತೊಡಕಾಗಿರುವುದು ಇದೇ. ಚರ್ಮದ ತೀರ ಹೊರಗಿನ ಪದರ ಸತ್ತ ಜೀವಕೋಶಗಳದು, ಅವುಗಳ ಸಂದಿನಲ್ಲಿ ಕೊಬ್ಬಿನ ಅಂಶ ತುಂಬಿರುತ್ತದೆ. ಆ ಪದರದಲ್ಲಿ ನೀರು ಸುಮಾರು ಶೇ 10ಕ್ಕಿಂತ ಕೆಳಗಿಳಿದರೆ ಅದು ಬಾಗದೆ ಬಿರಿಯುತ್ತದೆ. ಅಲ್ಲಿಗೆ ಬೇಕಾದದ್ದು ಎರಡು: ನೀರು, ಮತ್ತು ನೀರು ಆರಿಹೋಗದಂತೆ ಮೇಲೊಂದು ಮುಚ್ಚಿಗೆ. ಕನ್ನಡದಲ್ಲಿ ಇವಕ್ಕೆ ‘ಪಸೆ’, ‘ಜಿಡ್ಡು’ ಎಂದು ಎರಡು ಮಾತು ಮೊದಲಿನಿಂದಲೂ ಇವೆ. ಗ್ಲಿಸರಿನ್ ಪಸೆ ಹಿಡಿಯುತ್ತದೆ. ವ್ಯಾಸಲೀನು, ಕೊಬ್ಬರಿ ಎಣ್ಣೆ, ತುಪ್ಪ ಜಿಡ್ಡಿನವು. ಎರಡನ್ನೂ ‘ತೇವಕಾರಕ’ ಎಂದರೆ ವ್ಯಾಸಲೀನೇ ತೇವ ಕೊಡುತ್ತದೆ ಎಂದು ಓದಿದವರು ತಿಳಿಯುತ್ತಾರೆ, ಮೈಯೆಲ್ಲ ಆರಿದ ಎಷ್ಟೋ ಹೊತ್ತಿನ ಮೇಲೆ ಹಚ್ಚಿಕೊಳ್ಳುತ್ತಾರೆ. ಎರೆಹೊಲದ ಹಿಂಗಾರಿ ಜೋಳಕ್ಕೆ ಎಡೆ ಹೊಡೆದು (ಸಾಲುಗಳ ನಡುವಿನ ಮಣ್ಣು ಸಡಿಲಿಸಿ) ಬಿರುಕು ಮುಚ್ಚುವುದು ಹೊಸ ನೀರು ಕೊಡಲಿಕ್ಕಲ್ಲ, ಇದ್ದ ಹಸಿ ಆರದಿರಲಿ ಎಂದು. ವ್ಯಾಸಲೀನಿನ ಕೆಲಸವೂ ಅದೇ. ಆದ್ದರಿಂದ ಕರಪತ್ರದಲ್ಲಿ ‘ಮೈ ಹಸಿ ಇರುವಾಗಲೇ ಜಿಡ್ಡು ಹಚ್ಚಿ, ಪಸೆ ಉಳಿಯುತ್ತದೆ’ ಎಂದು ಬರೆಯೋಣ ಅಂತ ನನ್ನ ಸಲಹೆ.

ಇದಕ್ಕೊಂದು ಆಕ್ಷೇಪ ಬರಬಹುದು. ನಾವು ‘ಎಣ್ಣೆಪಸೆ’ ಎಂದೂ ಹೇಳುತ್ತೇವೆ, ತಮಿಳಿನಲ್ಲೂ ‘ಪಶೈ’ ನೀರಿಗೂ ಎಣ್ಣೆಗೂ ಸಲ್ಲುತ್ತದೆ. ನಿಜ. ಆದರೆ ‘ಪಸೆ ಆರಿತು’ ಅಂದಾಗ ಕನ್ನಡದವರ ಮನಸ್ಸಿಗೆ ಬರುವುದು ನೀರೇ. ಅನುಮಾನ ಬರುವ ಕಡೆ ‘ನೀರಪಸೆ’ ಎಂದರಾಯಿತು.

‘ಯೂರಿಯಾ’ ಬಗ್ಗೆ ವಿಶೇಷವಾಗಿ ಕೇಳಬೇಕಿದೆ. ಹೆಚ್ಚು ಒಣಗಿದ ಚರ್ಮಕ್ಕೆ ಶೇ 10ರ ಯೂರಿಯಾ ಕ್ರೀಮು ಒಳ್ಳೆಯದು, ಗಟ್ಟಿಯಾದ ಹಿಮ್ಮಡಿಗೆ ಇನ್ನೂ ಹೆಚ್ಚು ಪ್ರಮಾಣದ್ದನ್ನು ವೈದ್ಯರು ಬರೆದುಕೊಡುತ್ತಾರೆ. ಕರಡಿನಲ್ಲಿ ಬರೀ ‘ಯೂರಿಯಾ ಬಳಸಿ’ ಎಂದಿದೆ. ರೈತರ ಮನೆಯಲ್ಲಿ ಯೂರಿಯಾ ಅಂದರೆ ಮೂಲೆಯಲ್ಲಿರುವ ಗೊಬ್ಬರದ ಚೀಲ! ಹೆಸರು ಬಿಡುವಂತೆಯೂ ಇಲ್ಲ, ಅಂಗಡಿಯಲ್ಲಿ ಕೇಳುವುದಕ್ಕೆ ಅದೇ ಬೇಕು. ‘ಔಷಧಿ ಅಂಗಡಿಯಲ್ಲಿ ಸಿಗುವ ಯೂರಿಯಾ ಮುಲಾಮು, ಹೊಲದ ಗೊಬ್ಬರವನ್ನು ಮೈಗೆ ಹಚ್ಚಲೇಬಾರದು’ ಎಂದು ದಪ್ಪ ಅಕ್ಷರದಲ್ಲಿ ಹಾಕಿಸುತ್ತಿದ್ದೇನೆ. ಬಾಯಿಬಿಟ್ಟ ಸೀಳಿಗೆ ಈ ಮುಲಾಮು ಉರಿಯುತ್ತದೆ ಎಂಬ ಮಾತೂ ಸೇರುತ್ತದೆ. ಇದಕ್ಕಿಂತ ಚಿಕ್ಕದಾಗಿ, ಅಷ್ಟೇ ಖಚಿತವಾಗಿ ಹೇಳಲು ಬರುವುದಾದರೆ ದಯವಿಟ್ಟು ತಿಳಿಸಿ.

ಕ್ರಿಯಾಪದಗಳಲ್ಲಿ ‘ಲೇಪಿಸು’ ಬೇಡವೇ ಬೇಡ. ‘ಹಚ್ಚು’ ಎಲ್ಲ ಕಡೆ ನಡೆಯುತ್ತದೆ. ಮಕ್ಕಳ ಚರ್ಮಕ್ಕೆ, ಇಸಬು (ಎಕ್ಸಿಮಾ) ಇರುವವರಿಗೆ ‘ಸವರು’ ಅನ್ನಬೇಕು, ಏಕೆಂದರೆ ಗಸಗಸ ತಿಕ್ಕಿದರೆ ತುರಿಕೆ ಹೆಚ್ಚುತ್ತದೆ. ಟವೆಲಿನ ವಿಷಯದಲ್ಲೂ ‘ಉಜ್ಜಬೇಡಿ, ಒತ್ತಿ ಒರೆಸಿ’. ನೀರಿಗೆ ‘ಉಗುರುಬೆಚ್ಚಗೆ’ ಅನ್ನುವಷ್ಟು ಒಳ್ಳೆಯ ಮಾತು ಇನ್ನೊಂದಿಲ್ಲ. ಕರಡಿನ ‘ಸಮಶೀತೋಷ್ಣ ಜಲ’ವನ್ನು ಆಗಲೇ ಹೊಡೆದುಹಾಕಿದ್ದೇನೆ. ಸುಡುನೀರು, ಜೊತೆಗೆ ದಿನಾ ಮೈತುಂಬ ಸೋಪು, ಎರಡೂ ಸೇರಿ ಚರ್ಮದ ಸ್ವಂತ ಜಿಡ್ಡನ್ನು ತೊಳೆದುಬಿಡುತ್ತವೆ. ಐದ್ಹತ್ತು ನಿಮಿಷದ ಸ್ನಾನ ಸಾಕು, ಸೋಪು ಕಂಕುಳು, ತೊಡೆಸಂದು, ಪಾದಕ್ಕಿದ್ದರೆ ಸಾಕು.

ಮಲೆನಾಡಿನವರಿಗೆ ಒಂದು ಮಾತು. ಉತ್ತರ ಕನ್ನಡದ ಕಡೆ ಒಡೆದ ಹಿಮ್ಮಡಿಗೆ ಹಚ್ಚುವ ಮುರುಗಲು (ಕೋಕಂ) ತುಪ್ಪವನ್ನು ‘ಎಣ್ಣೆ’ ಅನ್ನದೆ ‘ತುಪ್ಪ’ ಅನ್ನುತ್ತಾರೆ. ಬೀಜದಿಂದ ತೆಗೆದದ್ದೇ ಆದರೂ ಅದು ಗಟ್ಟಿಯಾಗಿ ಉಂಡೆ ಕಟ್ಟುತ್ತದೆ. ಬಿಸಿ ಮಾಡಿ ಕರಗಿಸಿ ಸೀಳಿಗೆ ತುಂಬಿದರೆ ಬೇಗ ಹರಿದುಹೋಗದೆ ಅಲ್ಲೇ ಕೂರುತ್ತದೆ. ಬಯಲುಸೀಮೆಯಲ್ಲಿ ಇದು ಸುಲಭಕ್ಕೆ ಸಿಗದ್ದರಿಂದ ಕರಪತ್ರಕ್ಕೆ ಬೇಕಿಲ್ಲ, ಆದರೆ ಹೀಗೆ ಹೆಪ್ಪುಗಟ್ಟುವ ಜಿಡ್ಡಿಗೆಲ್ಲ ‘ತುಪ್ಪ’ ಎನ್ನುವ ರೂಢಿ ಬೇರೆ ಕಡೆಯೂ ಇದ್ದರೆ ಬರೆಯಿರಿ. ಮುರುಗಲಿನ ಜಾತಿಯದೇ ಆದ ಉಪ್ಪಾಗೆಯ ತುಪ್ಪ ನನಗೆ ಗೊತ್ತಿದೆ, ಅದನ್ನು ಬಿಟ್ಟು ಹೇಳಿ.

ನನ್ನ ಮುಖ್ಯ ಪ್ರಶ್ನೆ ಇದು. ‘ಎಣ್ಣೆಸ್ನಾನ’ ಅಂದರೆ ಮೊದಲು ಎಣ್ಣೆ, ಆಮೇಲೆ ನೀರು. ಕಡಲೆಹಿಟ್ಟು, ಸೀಗೆಪುಡಿ ಹಾಕಿ ಆ ಎಣ್ಣೆಯನ್ನೆಲ್ಲ ತೆಗೆದುಬಿಡುತ್ತೇವೆ. ಚಳಿಗಾಲದ ಒಣಚರ್ಮಕ್ಕೆ ಬೇಕಾದದ್ದು ಇದರ ತಿರುವುಮುರುವು: ಮೊದಲು ನೀರು, ಆಮೇಲೆ ಜಿಡ್ಡು, ಅದನ್ನು ತೊಳೆಯುವಂತಿಲ್ಲ. ಇದಕ್ಕೆ ಏನು ಹೆಸರಿಡೋಣ? ‘ಮಿಂದ ಮೇಲಿನ ಎಣ್ಣೆ’ ಎಂದು ನಾನು ತಾತ್ಕಾಲಿಕವಾಗಿ ಬರೆದಿದ್ದೇನೆ. ಕೂಸಿಗೆ ಎರೆದ ಮೇಲೆ ಮೈಗೆ ಸವರುವ ಎಣ್ಣೆಗೋ, ತುಟಿಗೆ ಹಚ್ಚುವ ಕೆನೆ-ಬೆಣ್ಣೆಗೋ ನಿಮ್ಮ ಮನೆಯ ಹಿರಿಯರು ಬಳಸುವ ಬೇರೆ ಮಾತಿದ್ದರೆ ಅದೇ ಇಲ್ಲಿಗೂ ಹೊಂದಬಹುದು. ಹೊರದೇಶದಲ್ಲಿ ಹೀಟರ್ ಹಾಕಿದ ಕೋಣೆಗಳಲ್ಲಿ ಇದೇ ಪಾಡು ಪಡುವ ಕನ್ನಡಿಗರೂ ಮನೆಯಲ್ಲಿ ಇದನ್ನು ಏನೆಂದು ಹೇಳಿಕೊಳ್ಳುತ್ತೀರೆಂದು ತಿಳಿಸಿ. ಊರು, ಸೀಮೆಯ ಹೆಸರು ಸೇರಿಸಿ ಬರೆದರೆ ಅನುಕೂಲ. ಎಳ್ಳಮಾವಾಸ್ಯೆಗೆ ಮುಂಚೆ ಕರಪತ್ರ ಅಚ್ಚಿಗೆ ಹೋಗಬೇಕು.