ಬೆನ್ನುಮೂಳೆ ಇರುವ ಪ್ರಾಣಿಗಳ ಬಗ್ಗೆ ಏನು ಬೇಕಾದರೂ ಕೇಳಿ: ಈ ಭಾನುವಾರ ಪ್ರಾಣಿಶಾಸ್ತ್ರದ ಮೇಡಂ ಜೊತೆ

ಅಡ್ಮಿನ್: ಮೇಡಂ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಪಶ್ಚಿಮ ಘಟ್ಟದ ಕಪ್ಪೆ ಮತ್ತು ಅದರ ನೆಂಟರ ಮೇಲೆ ಕೆಲಸ ಮಾಡಿದವರು. ಒಬ್ಬರಿಗೆ ಒಂದು ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಅಂತಿಮ ಬಿಎಸ್ಸಿ: ನಮಸ್ತೆ ಮೇಡಂ. ಶಾಲೆಯಲ್ಲಿ ಮೀನು, ಉಭಯವಾಸಿ, ಸರೀಸೃಪ, ಪಕ್ಷಿ, ಸಸ್ತನಿ ಅಂತ 5 ಗುಂಪು ಕಲಿತೆವು. ಈಗ ಮೀನು ಅನ್ನೋದು ಒಂದು ಗುಂಪೇ ಅಲ್ಲ ಅಂತಾರೆ. ಯಾವುದು ಸರಿ?

ಮೇಡಂ: ನಮಸ್ತೆ. ಹಳೆಯ ಗುಂಪುಗಳು ಪ್ರಾಣಿ ಹೇಗಿದೆ, ಹೇಗೆ ಬದುಕುತ್ತದೆ ಅಂತ ನೋಡಿ ಮಾಡಿದ್ದು. ಈಗ ಯಾರಿಗೆ ಯಾರು ಹತ್ತಿರದ ಸಂಬಂಧಿ ಅಂತ ನೋಡುತ್ತೇವೆ. ಹಾಗೆ ನೋಡಿದರೆ ಶ್ವಾಸಕೋಶ ಇರುವ ಮೀನಿಗೆ ರೋಹುಗಿಂತ ನಾವೇ ಹತ್ತಿರದ ನೆಂಟರು. ಪರೀಕ್ಷೆಯಲ್ಲಿ ನಿಮ್ಮ ಸಿಲಬಸ್ ಪ್ರಕಾರ ಬರೆಯಿರಿ.

ಮಂಗಳೂರು ಬಂದರು: ತಿಮಿಂಗಿಲ ಮೀನಲ್ಲ ಅಂತಾರಲ್ಲ, ಪುರಾವೆ ಏನು?

ಮೇಡಂ: ಮರಿಗೆ ಹಾಲು ಕೊಡುತ್ತದೆ, ಗಾಳಿ ಉಸಿರಾಡುತ್ತದೆ. ಅದರ ಹಳೆಯ ನೆಂಟ ಇಂಡೋಹಯಸ್ ನಾಲ್ಕು ಕಾಲಿನ ಸಣ್ಣ ಪ್ರಾಣಿ. ಜಮ್ಮು-ಕಾಶ್ಮೀರದ ಕಾಲಾಕೋಟ್‌ನಲ್ಲಿ ಅದರ ಮೂಳೆ ಸಿಕ್ಕಿದೆ. ಅದರ ಕಿವಿಯ ಮೂಳೆ ತಿಮಿಂಗಿಲದ ಥರವೇ ಇದೆ.

ಗೃಹಿಣಿ ಹಾಸನ: ಹಲ್ಲಿಗೆ ಬಾಲ ಮತ್ತೆ ಬೆಳೆಯುತ್ತೆ, ನಮಗೆ ಬೆರಳು ಯಾಕೆ ಬೆಳೆಯಲ್ಲ ಮೇಡಂ?

ತೋಟದಮನೆ ಕೊಪ್ಪ: ಮೇಡಂ, ಸ್ವಲ್ಪ ಅರ್ಜೆಂಟ್. ಅಡಿಕೆ ತೋಟದ ಬಸಿಗಾಲುವೆ ಕೆತ್ತುವಾಗ ಒಂದು ದೊಡ್ಡ ಹೆಂಟೆ ಎದ್ದು ಬಂತು. ಅದರ ಅಡಿಯಲ್ಲಿ ಎರಡು ತಲೆ ಹಾವು ಸುರುಳಿ ಸುತ್ತಿಕೊಂಡು ಕೂತಿದೆ. ಒಂದಡಿ ಉದ್ದ, ಕಂದು ನೇರಳೆ ಮೈ, ಎರಡೂ ಪಕ್ಕ ಹಳದಿ ಪಟ್ಟೆ. ಸುರುಳಿಯ ನಡುವೆ ಮೊಟ್ಟೆ ಗೊಂಚಲು, ಒಳಗಿನ ಹಳದಿ ಹೊರಗೇ ಕಾಣುತ್ತೆ. ಕೆಲಸದವರು ಹೆದರಿ ಉಪ್ಪು ಎರಚಿದರು, ಮೈಮೇಲೂ ಬಿತ್ತು, ಒದ್ದಾಡುತ್ತಿದೆ. ವಿಷ ಇದೆಯಾ? ಫೋಟೋ ಹಾಕಿದ್ದೇನೆ.

ಮೇಡಂ: ಮೊದಲು ಇಷ್ಟು ಮಾಡಿ, ಉಳಿದದ್ದು ಆಮೇಲೆ ಓದಿ. ಬಾವಿ ನೀರು ತಂದು ನಿಧಾನಕ್ಕೆ ಸುರಿದು ಉಪ್ಪು ತೊಳೆಯಿರಿ. ಆ ನೀರು ಗುಂಡಿಯಲ್ಲಿ ನಿಲ್ಲಬಾರದು, ಹರಿದು ಹೋಗಬೇಕು. ಉಪ್ಪು ಬಿದ್ದ ಮಣ್ಣನ್ನು ಕೆರೆದು ದೂರ ಹಾಕಿ. ಮೊಟ್ಟೆ ಗೊಂಚಲು ಬಿಡಿಸಬೇಡಿ, ತಾಯಿಯನ್ನು ಎತ್ತಬೇಡಿ. ಹೆಂಟೆ ಇದ್ದಲ್ಲೇ ಮುಚ್ಚಿ, ಮೇಲೆ ಒದ್ದೆ ಸೋಗೆ ಹಾಕಿ.

ಇದು ಹಾವಲ್ಲ. ಸಿಸಿಲಿಯನ್. ಕಪ್ಪೆ, ಸಾಲಮಾಂಡರ್ ಬಿಟ್ಟರೆ ಉಭಯವಾಸಿಗಳಲ್ಲಿ ಉಳಿದಿರುವ ಮೂರನೇ ಗುಂಪು. ಫೋಟೋ ದೊಡ್ಡದು ಮಾಡಿ ನೋಡಿ, ಕಣ್ಣಿಗೂ ಮೂಗಿಗೂ ನಡುವೆ ತುಟಿಯ ಅಂಚಿಗೆ ಸಣ್ಣ ಬಿಳಿ ಚುಕ್ಕೆ ಇದೆ. ಅದು ಹೊರಗೆ ಚಾಚುವ ಎಳೆ, ಮಣ್ಣಿನೊಳಗೆ ವಾಸನೆ ಹಿಡಿಯೋದು ಅದರಿಂದಲೇ. ನಮ್ಮ ಯಾವ ಹಾವಿಗೂ ಇದಿಲ್ಲ. ಮೈತುಂಬ ಉಂಗುರದ ಗೆರೆ, ಚರ್ಮ ಒದ್ದೆ. ಹಳದಿ ಪಟ್ಟೆ ನೋಡಿದರೆ ಇಕ್ತಿಯೋಫಿಸ್ ಕುಲದ್ದು. ಮರಿ ಹೊರಬರುವವರೆಗೆ ತಾಯಿ ಹೀಗೇ ಸುತ್ತಿಕೊಂಡು ಕಾಯುತ್ತಾಳೆ, ಆಮೇಲೆ ಮರಿಗಳು ಹತ್ತಿರದ ನೀರಿಗೆ ಇಳಿಯುತ್ತವೆ. ಅದಕ್ಕೇ ನಿಮ್ಮ ಕಾಲುವೆ ಪಕ್ಕ ಜಾಗ ಹಿಡಿದಿದ್ದಾಳೆ. ಮನುಷ್ಯರಿಗೆ ಇದರಿಂದ ಅಪಾಯ ಇಲ್ಲ. ಮೈಯ ಲೋಳೆ ಕಣ್ಣಿಗೆ ತಾಗಿದರೆ ಉರಿಯಬಹುದು, ಕೈ ತೊಳೆದುಕೊಂಡರೆ ಸಾಕು.

ನಿಮ್ಮ ಕೆಲಸದವರನ್ನು ಬೈಯಬೇಡಿ. 1758ರಲ್ಲಿ ಲಿನೇಯಸ್ ಕೂಡ ಸಿಸಿಲಿಯನ್ನನ್ನು ಹಾವಿನ ಜೊತೆಗೇ ಸೇರಿಸಿದ್ದ. ಹೊರಗಿನ ಆಕಾರ ಅಷ್ಟು ಮೋಸ ಮಾಡುತ್ತದೆ. ಹಾವು ಬೇರೆ ವಂಶದಲ್ಲಿ ಕಾಲು ಕಳೆದುಕೊಂಡಿತು, ಇದು ಕಪ್ಪೆಯ ನೆಂಟರ ವಂಶದಲ್ಲಿ ತನ್ನಷ್ಟಕ್ಕೆ ಕಳೆದುಕೊಂಡಿತು. ಅಮೆರಿಕದ ಅರಿಜೋನಾದಲ್ಲಿ ಸಿಕ್ಕ ಈಯೋಸಿಸಿಲಿಯಾ ಅನ್ನುವ ಸುಮಾರು 19 ಕೋಟಿ ವರ್ಷ ಹಳೆಯ ಪಳೆಯುಳಿಕೆಗೆ ಇನ್ನೂ ಪುಟ್ಟ ಕಾಲುಗಳಿದ್ದವು.

ಇನ್ನು ಉಪ್ಪಿನ ವಿಷಯ. ಉಭಯವಾಸಿಯ ಚರ್ಮ ನೀರು ಬಿಡುತ್ತದೆ, ಉಪ್ಪು ತಾಗಿದರೆ ಮೈಯ ನೀರೆಲ್ಲ ಹೊರಗೆ ಎಳೆದುಕೊಳ್ಳುತ್ತದೆ. ಹಾಗಾಗಿ ಇವಕ್ಕೆ ಸಮುದ್ರ ಗೋಡೆ ಇದ್ದ ಹಾಗೆ, ದಾಟೋದು ತೀರಾ ಕಷ್ಟ. ಆದರೆ ಘಟ್ಟದಲ್ಲೇ ಸಿಗುವ ಇನ್ನೊಂದು ಸಿಸಿಲಿಯನ್, ಗೆಗೆನಿಯೋಫಿಸ್, ಅದರ ಹತ್ತಿರದ ಸಂಬಂಧಿಗಳು ಇರೋದು ಹಿಂದೂ ಮಹಾಸಾಗರದ ನಡುವಿನ ಸೇಶೆಲ್ಸ್ ದ್ವೀಪಗಳಲ್ಲಿ. ಅವು ಈಜಿ ಹೋದದ್ದಲ್ಲ. ಭಾರತ ಮತ್ತು ಸೇಶೆಲ್ಸ್ ಒಂದೇ ನೆಲವಾಗಿದ್ದವು, ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ ಬೇರೆಯಾದವು. ನೆಲ ಸರಿಯಿತು, ಮೇಲಿದ್ದ ಪ್ರಾಣಿ ಜೊತೆಗೆ ಹೋಯಿತು. ಆಕಾರ ನೋಡಿ ಹಾವು ಅಂದುಕೊಂಡು ಬಿಟ್ಟಿದ್ದರೆ ಈ ಕಥೆ ನಮಗೆ ಗೊತ್ತೇ ಆಗುತ್ತಿರಲಿಲ್ಲ. ವರ್ಗೀಕರಣ ಬಾಯಿಪಾಠದ ಪಟ್ಟಿ ಅಲ್ಲ ಅಂತ ನಾನು ತರಗತಿಯಲ್ಲಿ ಗಂಟಲು ಹರಿದುಕೊಳ್ಳೋದು ಇದಕ್ಕೇ.

ತೋಟದಮನೆ ಕೊಪ್ಪ: ತೊಳೆದೆವು ಮೇಡಂ. ಒದ್ದಾಟ ನಿಂತಿದೆ, ಮತ್ತೆ ಮೊಟ್ಟೆ ಸುತ್ತಿಕೊಂಡಿದೆ.

ಮೇಡಂ: ತುಂಬ ಒಳ್ಳೆಯದಾಯಿತು. ಮುಚ್ಚಿಬಿಡಿ. ಪದೇ ಪದೇ ತೆರೆದು ನೋಡಬೇಡಿ.

ಮನೆಮದ್ದು ಮಿತ್ರ: ಫಾರ್ವರ್ಡ್ ಬಂದಿದ್ದು: ಎರಡು ತಲೆ ಹಾವಿನ ಕೊಬ್ಬು ಎಣ್ಣೆಯಲ್ಲಿ ಕಾಯಿಸಿ ಹಚ್ಚಿದರೆ ಮಂಡಿನೋವು ಮಾಯ. ಎಲ್ಲರಿಗೂ ಕಳಿಸಿ.

ಮೇಡಂ: ಅಳಿಸಿ. ಇದರಿಂದ ಮಂಡಿನೋವು ಹೋಗಲ್ಲ. ಉಡದ ಎಣ್ಣೆ, ಎರಡು ತಲೆ ಹಾವು ಅಂತ ಜನ ಕರೆಯುವ ಮಣ್ಣುಮುಕ್ಕ ಹಾವಿನ ಕೊಬ್ಬು, ಎಲ್ಲದಕ್ಕೂ ಇದೇ ಉತ್ತರ. 1972ರ ವನ್ಯಜೀವಿ ಕಾಯ್ದೆಯಲ್ಲಿ ಉಡ, ಮಣ್ಣುಮುಕ್ಕ ಹಿಡಿಯೋದೇ ಅಪರಾಧ.

ಪ್ರೌಢಶಾಲೆ ಮೇಷ್ಟ್ರು: ಮೇಡಂ, ಪಕ್ಷಿಯೂ ಸರೀಸೃಪವೇ ಅಂತ ಮಕ್ಕಳು ಯೂಟ್ಯೂಬ್ ನೋಡಿ ವಾದ ಮಾಡುತ್ತಾರೆ. ಬಿಸಿರಕ್ತ, ಗರಿ ಇರೋದು ಸರೀಸೃಪ ಹೇಗಾಗುತ್ತೆ?

ಅಂತಿಮ ಬಿಎಸ್ಸಿ: ಆಗುತ್ತೆ ಸರ್. ಇವತ್ತು ಬದುಕಿರೋದರಲ್ಲಿ ಮೊಸಳೆಗೆ ಹತ್ತಿರದ ಸಂಬಂಧಿ ಹಲ್ಲಿ ಅಲ್ಲ, ಪಕ್ಷಿ. ಮೊಸಳೆ ಹೃದಯಕ್ಕೂ 4 ಕೋಣೆ ಇದೆ.

ಪ್ರೌಢಶಾಲೆ ಮೇಷ್ಟ್ರು: ನಾನು ಮೇಡಂ ಅವರನ್ನು ಕೇಳಿದ್ದು. ನಿಮ್ಮ ವಯಸ್ಸಿಗಿಂತ ಜಾಸ್ತಿ ವರ್ಷ ಪಾಠ ಮಾಡಿದ್ದೇನೆ.

ಅಂತಿಮ ಬಿಎಸ್ಸಿ: ಪಾಠ ಮಾಡಿದ ವರ್ಷ ಪುರಾವೆ ಆಗಲ್ಲ ಸರ್. ಗರಿಯೂ ಹಲ್ಲೂ ಉದ್ದ ಬಾಲದ ಮೂಳೆಯೂ ಇರುವ ಆರ್ಕಿಯೋಪ್ಟೆರಿಕ್ಸ್ ಅನ್ನುವ ಪಳೆಯುಳಿಕೆ ಜರ್ಮನಿಯಲ್ಲಿ 1861ರಲ್ಲೇ ಸಿಕ್ಕಿದೆ.

ದುಬೈ ಕನ್ನಡಿಗ: ಹಿರಿಯರ ಹತ್ತಿರ ಮಾತಾಡೋ ರೀತಿನಾ ಇದು?

ಅಂತಿಮ ಬಿಎಸ್ಸಿ: ತಪ್ಪು ಏನು ಹೇಳಿದೆ ಅಂತ ತೋರಿಸಿ ಮೊದಲು.

ಮೇಡಂ: ಹುಡುಗ ಹೇಳಿದ್ದು ಸರಿ. ದನಿ ಸ್ವಲ್ಪ ತಗ್ಗಿಸಬಹುದಿತ್ತು. ಮೇಷ್ಟ್ರೇ, ಮಕ್ಕಳು ವಾದ ಮಾಡಲಿ ಬಿಡಿ.

ದುಬೈ ಕನ್ನಡಿಗ: ಕೋತಿಯಿಂದ ಮನುಷ್ಯ ಬಂದಿದ್ದರೆ ಕೋತಿ ಇನ್ನೂ ಯಾಕೆ ಇದೆ?

ಮೇಡಂ: ಕೋತಿಯಿಂದ ಬಂದಿಲ್ಲ. ಕೋತಿಗೂ ನಮಗೂ ಹಿರಿಯರು ಒಂದೇ.

ಶಿರಸಿ ಯುವಕ: ಮೇಡಂ ಕೋತಿ ಈಗ ಯಾಕೆ ಮನುಷ್ಯ ಆಗ್ತಿಲ್ಲ?

ಮೇಡಂ: ಮೇಲೆ ನೋಡಿ.

ವ್ಯಾಪಾರಿ: ಎರಡು ತಲೆ ಹಾವಿಗೆ ಲಕ್ಷಗಟ್ಟಲೆ ರೇಟ್ ಇದೆ ಅಂತಾರೆ. ಕೊಪ್ಪದವರ ನಂಬರ್ ಸಿಗುತ್ತಾ?

ಮೇಡಂ: ಅಡ್ಮಿನ್, ಇವರನ್ನು ಈಗಲೇ ತೆಗೆಯಿರಿ. ಲಕ್ಷದ ಆಸೆ ತೋರಿಸಿ ಮಣ್ಣುಮುಕ್ಕನನ್ನು ಹಿಡಿಸುತ್ತಾರೆ. ಕೊನೆಗೆ ಹಿಡಿದುಕೊಟ್ಟ ಬಡವ ಜೈಲಿಗೆ ಹೋಗುತ್ತಾನೆ, ಹಾವು ಚೀಲದಲ್ಲಿ ಸಾಯುತ್ತದೆ.

ಅಡ್ಮಿನ್: ತೆಗೆದಿದ್ದೇನೆ.

ಮನೆಮದ್ದು ಮಿತ್ರ: ಫಾರ್ವರ್ಡ್: ಹಾವು ಕಚ್ಚಿದರೆ ಕಪ್ಪು ಕಲ್ಲು ಅಂಟಿಸಿ, ವಿಷ ಹೀರುತ್ತದೆ. ಆಸ್ಪತ್ರೆ ಬೇಡ.

ಮೇಡಂ: ಇದು ಜೀವ ತೆಗೆಯುವ ಮೆಸೇಜ್. ಕಲ್ಲು ವಿಷ ಹೀರಲ್ಲ. ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಕೈಕಾಲು ಅಲ್ಲಾಡಿಸದೆ ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ 4ರ ವಿಷಕ್ಕೆ ಪ್ರತಿವಿಷ ಇದೆ. ಕಲ್ಲು ಹುಡುಕುತ್ತಾ ಕೂತರೆ ಹೋಗೋದು ಸಮಯ. ಇನ್ನೊಂದು ಇಂಥದ್ದು ಬಂದರೆ ನಾನು ಗುಂಪಿನಿಂದ ಹೊರಗೆ ಹೋಗುತ್ತೇನೆ.

ಮನೆಮದ್ದು ಮಿತ್ರ: ಒಳ್ಳೆಯದಾಗಲಿ ಅಂತ ಹಾಕಿದೆ. ಇಷ್ಟು ಸಿಟ್ಟು ಯಾಕೆ?

ಅಂತಿಮ ಬಿಎಸ್ಸಿ: ಓದದೆ ಕಳಿಸ್ತೀರಲ್ಲ, ಅದಕ್ಕೆ.

ಗೃಹಿಣಿ ಹಾಸನ: ನನ್ನ ಹಲ್ಲಿ ಪ್ರಶ್ನೆ ಯಾರೂ ನೋಡಲಿಲ್ಲ.

ತೋಟದಮನೆ ಕೊಪ್ಪ: ಮೇಡಂ, ಕೊನೆಯದು. ಆ ಕಾಲುವೆ ಕೆಲಸ ಯಾವಾಗ ಮುಗಿಸಬಹುದು?

ಮೇಡಂ: ಈ ಮಳೆಗಾಲ ಮುಗಿಯುವವರೆಗೆ ಆ ಬದಿ ಬಿಟ್ಟುಬಿಡಿ. ಕಾಲುವೆಯಲ್ಲಿ ನೀರು ಹರಿಯುತ್ತಿರಲಿ, ಕಳೆನಾಶಕ ಹೊಡೆಯಬೇಡಿ. ಫೋಟೋದ ಮೂಲ ಪ್ರತಿ ನನಗೆ ಕಳಿಸಿ, ತಾರೀಖು ಅಳಿಸದೆ.