ನಮ್ ಕಾಲೇಜ್ ಜರ್ನಲ್‌ನ ಪಬ್‌ಮೆಡ್‌ಗೆ (ಮೆಡಿಕಲ್ ಪೇಪರ್ ಹುಡುಕೋ ಸೈಟು) ಸೇರಿಸ್ಕೊಡ್ತೀನಿ ಅಂತ ಏಜೆಂಟ್ ದುಡ್ಡು ಕೇಳ್ತಿದಾನೆ, ಕೊಡಬಹುದಾ?

ಸ್ಲೈಡ್_ನೋಡೋನು, ದಾವಣಗೆರೆ:
ಎಲ್ರಿಗೂ ನಮಸ್ಕಾರ. ಹೋದ ವರ್ಷ ನಮ್ ಕಾಲೇಜಿಂದ ಒಂದು ಓಪನ್ ಆಕ್ಸೆಸ್ (ಯಾರ್ ಬೇಕಾದ್ರೂ ಫ್ರೀಯಾಗಿ ಓದೋ) ಮೆಡಿಕಲ್ ಜರ್ನಲ್ ಶುರು ಮಾಡಿದ್ವಿ, ಐಎಸ್‌ಎಸ್‌ಎನ್ (ಜರ್ನಲ್ ಗುರುತಿನ ನಂಬರ್) ಬಂದೈತೆ, ಮೂರು ಇಶ್ಯೂ ಆದ್ವು, 19 ಪೇಪರ್ ಅಷ್ಟೆ, ವೆಬ್‌ಸೈಟು ಪ್ರೂಫು ಎಲ್ಲಾ ನನ್ ತಲೆ ಮೇಲೆ. ಹೆಚ್‌ಓಡಿ ಸರ್ ದಿನಾ ಬಂದು "ಪಬ್‌ಮೆಡ್ ಏನಾತಪ್ಪಾ" ಅಂತಾರೆ, ಏನೋ ಗ್ಯಾಸ್ ಬುಕ್ ಮಾಡ್ದಂಗೆ. ಈಗ ಒಬ್ಬ ಏಜೆಂಟ್ ಗಂಟುಬಿದ್ದಿದಾನೆ, ಮೂರು ತಿಂಗ್ಳಲ್ಲಿ ಪಬ್‌ಮೆಡ್, ಸ್ಕೋಪಸ್ (ಅದೇ ಥರ ಇನ್ನೊಂದು ಪೇಪರ್ ಪಟ್ಟಿ) ಎರಡೂ ಗ್ಯಾರಂಟಿ, ಅರ್ಧ ಅಡ್ವಾನ್ಸ್ ಹಾಕಿ ಅಂತಾನೆ. ಗೊತ್ತಿದ್ದೋರು ಹೇಳ್ರಪ್ಪಾ.

ಕೋಟೆ_ಲೈಬ್ರರಿ, ಚಿತ್ರದುರ್ಗ:
ಒಂದ್ರೂಪಾಯಿನೂ ಹಾಕ್ಬೇಡಿ ಸರ್. ಪಬ್‌ಮೆಡ್ ಅನ್ನೋದು ಹುಡುಕೋ ಜಾಗ, ಜರ್ನಲ್ ಅದರೊಳಗೆ ಬರೋದು ಮೆಡ್‌ಲೈನ್ (ಆರಿಸಿದ ಜರ್ನಲ್‌ಗಳ ಪಟ್ಟಿ) ಇಲ್ಲಾಂದ್ರೆ ಪಬ್‌ಮೆಡ್ ಸೆಂಟ್ರಲ್ (ಪೂರ್ತಿ ಪೇಪರ್ ಇಡೋ ಭಂಡಾರ) ಮೂಲಕ, ಎರಡಕ್ಕೂ ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್‌ನೋರೇ ಓದಿ ನೋಡಿ ತಗೊಳ್ಳೋದು, ನಡುವೆ ಏಜೆಂಟ್‌ಗೇನ್ ಕೆಲ್ಸ. ಸೆಂಟ್ರಲ್‌ಗೆ ಕಮ್ಮಿ ಅಂದ್ರೂ 25 ಪೀರ್ ರಿವ್ಯೂ (ಬೇರೆ ತಜ್ಞರು ಓದಿ ನೋಡೋದು) ಆದ ಪೇಪರ್ ಬೇಕು, ಪಬ್ಲಿಷರ್‌ಗೆ 2 ವರ್ಷದ ಅನುಭವ ಬೇಕು, ಅಲ್ಲಿಗೆ ಪಿಡಿಎಫ್ ಸಾಲಲ್ಲ, ಎಕ್ಸ್‌ಎಂಎಲ್ ಅಂತ ಕಂಪ್ಯೂಟರ್ ಓದೋ ಥರದ ಫೈಲ್ ಮಾಡಿಸ್ಬೇಕು (ದುಡ್ಡು ಖರ್ಚು ಮಾಡೋದಾದ್ರೆ ಇದಕ್ಕೆ ಮಾಡಿ). ಸ್ಕೋಪಸ್‌ಗೂ 2 ವರ್ಷ ಆಗಿರ್ಬೇಕು. ಮೊದ್ಲು ಡಿಒಎಜೆಗೆ (ಓಪನ್ ಆಕ್ಸೆಸ್ ಜರ್ನಲ್‌ಗಳ ಪಟ್ಟಿ) ಹಾಕಿ, ಅರ್ಜಿ ಫ್ರೀ, ವರ್ಷ ಆಗಿದ್ರೆ ಇಲ್ಲಾ 10 ಪೇಪರ್ ಬಂದಿದ್ರೆ ಸಾಕು. ಎಂಸಿಐ (ಆಗಿನ ಮೆಡಿಕಲ್ ಕೌನ್ಸಿಲ್) 2015ರಲ್ಲಿ ಮೇಷ್ಟ್ರುಗಳ ಪ್ರಮೋಷನ್‌ಗೆ ಇಂಡೆಕ್ಸ್ ಕೊಪರ್ನಿಕಸ್ ಅನ್ನೋ ಪಟ್ಟಿನೂ ಒಪ್ಪಿತ್ತು, 2020ರಲ್ಲಿ ಅದನ್ನ ತೆಗ್ದು ಡಿಒಎಜೆ ಸೇರಿಸ್ತು. ನಮ್ ಕಡೆ ಇನ್ನೂ ಆ ಹಳೇ ಕೊಪರ್ನಿಕಸ್ ಲೋಗೋನೇ ದೊಡ್ಡದಾಗಿ ಹಾಕ್ಕೊಂಡು ಕೂತಿರ್ತಾರೆ.

ಎರಡನೇ_ಸಲ_ಪಾಸ್:
ಡಿಒಎಜೆ ಫ್ರೀ ಅಂತ ಸುಲಭ ಅನ್ಕೋಬೇಡಿ. ನಮ್ದು ಮೊದಲ್ನೇ ಸಲ ರಿಜೆಕ್ಟ್. ಪ್ರತಿ ಪೇಪರ್ ಮೇಲೆ ಸಿಸಿ ಬೈ ಲೈಸೆನ್ಸ್ (ಲೇಖಕರ ಹೆಸ್ರು ಹೇಳಿ ಯಾರ್ ಬೇಕಾದ್ರೂ ಬಳಸ್ಬೋದು) ಅಂತ ಹಾಕಿದ್ವಿ, ಆದ್ರೆ ವೆಬ್‌ಸೈಟ್ ಮಾಡಿದ ಹುಡುಗ ಕೆಳಗಡೆ ಅದಕ್ಕೆ ಉಲ್ಟಾ "ಆಲ್ ರೈಟ್ಸ್ ರಿಸರ್ವ್ಡ್" ಅಂತ ಬಿಟ್ಟಿದ್ದ, ಯಾವ ಟೆಂಪ್ಲೇಟಿಂದ ಎತ್ಕೊಂಬಂದಿದ್ನೋ, ಒಂದೂವರೆ ವರ್ಷ ನಾವ್ಯಾರೂ ಆ ಸಾಲು ಓದೇ ಇರ್ಲಿಲ್ಲ. ಅದ್ರ ಜೊತೆ ಇನ್ನೊಂದು, ಕಡೇ ಎರಡು ಇಶ್ಯೂಲಿ ಎಡಿಟರ್, ಬೋರ್ಡ್ ಮೆಂಬರ್, ರಿವ್ಯೂವರ್ ಇವ್ರ ಹೆಸ್ರಿರೋ ಪೇಪರ್ ಯಾವ ಇಶ್ಯೂಲೂ 25% ದಾಟಂಗಿಲ್ಲ. ನಮ್ದು 12ರಲ್ಲಿ 5! ಮತ್ತೆ ಹಾಕೋಕೆ ಆರು ತಿಂಗ್ಳು ಕಾಯ್ಬೇಕಾಯ್ತು.

ಸ್ಲೈಡ್_ನೋಡೋನು, ದಾವಣಗೆರೆ:
ಅಯ್ಯೋ, ಈಗ್ಲೇ ಎಣಿಸ್ದೆ. ಕಡೇ ಇಶ್ಯೂಲಿ 7 ಪೇಪರ್, ನಾಲ್ಕರಲ್ಲಿ ಹೆಚ್‌ಓಡಿ ಹೆಸ್ರು. ಅವ್ರೇ ಚೀಫ್ ಎಡಿಟರ್. ಇದನ್ನ ಅವ್ರಿಗೆ ಹೆಂಗ್ ಹೇಳ್ಲಿ??

ಎರಡನೇ_ಸಲ_ಪಾಸ್:
ನೀವ್ ಹೇಳ್ಬೇಡಿ ಮಾರಾಯ್ರೆ, ಡಿಒಎಜೆ ರೂಲ್ಸ್ ಪ್ರಿಂಟ್ ತೆಗ್ದು ಆ ಸಾಲಿಗೆ ಹೈಲೈಟರ್ ಹಾಕಿ ಟೇಬಲ್ ಮೇಲಿಟ್ಟು ಬನ್ನಿ. ನಾನ್ ಹಂಗೇ ಮಾಡಿದ್ದು. ಒಂದ್ ವಾರ ಮಾತಾಡ್ಲಿಲ್ಲ, ಆಮೇಲೆ ಬೆಣ್ಣೆದೋಸೆ ಅವ್ರೇ ಕೊಡಿಸಿದ್ರು.